ಸರ್ವರ್‌ನಲ್ಲಿ ಹೊಸ ಫೈಲ್, ಪ್ರೋಗ್ರಾಂ ಕೈಗೆ ಹಳೇ ಫೈಲ್: ಲೋಕಲ್ ಕ್ಯಾಶ್ ಹಿಡಿತಕ್ಕೆ ತರೋದು ಹೇಗೆ?

ನಿತ್ಯಬಿಲ್ಡ್

ಎಲ್ಲರಿಗೂ ನಮಸ್ಕಾರ. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಒಂದು ವಿಂಡೋಸ್ ಪ್ರೋಗ್ರಾಂ ನೋಡಿಕೊಳ್ಳುತ್ತೇನೆ. ಶುರುವಾದ ಕೂಡಲೇ ಅದು ಸರ್ವರ್‌ನಿಂದ ಒಂದು ಪುಟ್ಟ ಜೇಸನ್ ಫೈಲ್ (ಮಾಹಿತಿ ಬರೆದಿಟ್ಟ ಪಠ್ಯ ಫೈಲ್) ತರುತ್ತೆ. 2 ಕೆಬಿ ಕೂಡ ಇಲ್ಲ ಅದು. ಇತ್ತೀಚಿನ ಆವೃತ್ತಿಯ ಸಂಖ್ಯೆ, ಜಿಪ್ ಫೈಲಿನ ವಿಳಾಸ, ಜಿಪ್‌ನ ಶಾ-256 ಹ್ಯಾಶ್ (ಫೈಲ್‌ನ ಬೆರಳಚ್ಚಿನಂಥ ಗುರುತು), ಇಷ್ಟೇ ಒಳಗಿರೋದು. ಆವೃತ್ತಿ ಬದಲಾಗಿದ್ದರೆ 18 ಎಂಬಿಯ ಜಿಪ್ ಇಳಿಸುತ್ತೆ. ಎರಡಕ್ಕೂ ಯುಆರ್‌ಎಲ್-ಡೌನ್‌ಲೋಡ್-ಟು-ಫೈಲ್ ಫಂಕ್ಷನ್ ಬಳಸಿದ್ದೇನೆ. ಒಂದೇ ಸಾಲಿನಲ್ಲಿ ಮುಗಿಯುವ ಕೆಲಸ, ಹಾಗಾಗಿ ಒಳಗೆ ಏನಾಗುತ್ತೆ ಅಂತ ಯಾವತ್ತೂ ಇಣುಕಿರಲಿಲ್ಲ.

ಏಳು ತಿಂಗಳ ನಂತರ ಮೊನ್ನೆ ಹೊಸ ಆವೃತ್ತಿ ಹಾಕಿದೆವು. ಸರ್ವರ್‌ನಲ್ಲಿ ಎರಡೂ ಫೈಲ್ ಬದಲಾಗಿವೆ. ಬ್ರೌಸರ್‌ನಲ್ಲಿ ತೆರೆದರೆ ಹೊಸದೇ ಕಾಣುತ್ತೆ. ಆದರೆ ಬಳಕೆದಾರರು ಮೂರು ಗುಂಪಾಗಿದ್ದಾರೆ. ಮೊದಲ ಗುಂಪಿಗೆ ಎಲ್ಲ ಸರಿ. ಎರಡನೆಯವರಿಗೆ "ನಿಮ್ಮಲ್ಲಿರುವುದೇ ಇತ್ತೀಚಿನದು" ಅಂತ ಬರ್ತಿದೆ. ಮೂರನೆಯವರ ಕಥೆ ಇನ್ನೂ ವಿಚಿತ್ರ: ಜೇಸನ್ ಹೊಸದು, ಜಿಪ್ ಹಳೆಯದು, ಹ್ಯಾಶ್ ತಾಳೆಯಾಗದೆ ಎರರ್.

ಬ್ರೌಸರ್ ಕ್ಯಾಶ್ (ಮತ್ತೆ ಬೇಕಾದೀತು ಅಂತ ತಂದ ಫೈಲ್‌ಗಳ ಪ್ರತಿ ಇಟ್ಟುಕೊಳ್ಳುವ ಜಾಗ) ಅಳಿಸಿ ಅಂದೆ. ಅಳಿಸಿದರು, ಏನೂ ಬದಲಾಗಲಿಲ್ಲ. ಪ್ರೋಗ್ರಾಂ ತೆಗೆದು ಮತ್ತೆ ಹಾಕಿದರೂ ಹಳೆಯದೇ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನೋ ಹಾಗಾಗಿದೆ. ಆ ಪೂಜಾರಿ ಎಲ್ಲಿ ಕೂತಿದ್ದಾನೆ ಅಂತ ಯಾರಾದರೂ ತೋರಿಸಿ.

ಬೈಟುಬುಟ್ಟಿ

ಇದಕ್ಕೆ ಇಷ್ಟುದ್ದ ಯಾಕೆ? ಯುಆರ್‌ಎಲ್ ಕೊನೆಗೆ ಒಂದು ಪ್ರಶ್ನೆ ಚಿಹ್ನೆ, ಅದರ ಮುಂದೆ ಈಗಿನ ಸಮಯ ಮಿಲಿಸೆಕೆಂಡಿನಲ್ಲಿ. ಪ್ರತಿ ಸಲವೂ ವಿಳಾಸ ಬೇರೆ, ಕ್ಯಾಶ್‌ಗೆ ಗುರುತೇ ಸಿಗಲ್ಲ. ಹತ್ತು ವರ್ಷದಿಂದ ಇದನ್ನೇ ಮಾಡ್ತಿದೀನಿ, ಯಾರೂ ಸತ್ತಿಲ್ಲ.

ಹಳೆಹುಲಿ

ಬುಟ್ಟಿಯವರ ಉಪಾಯಕ್ಕೆ ಆಮೇಲೆ ಬರ್ತೀನಿ. ಮೊದಲು ಪೂಜಾರಿ.

ನೀವು ಕರೆಯುತ್ತಿರುವ ಫಂಕ್ಷನ್ ನೆಟ್‌ವರ್ಕ್ ಕೆಲಸವನ್ನು ತಾನು ಮಾಡಲ್ಲ, ವಿನ್‌ಇನೆಟ್ ಲೈಬ್ರರಿಗೆ ಒಪ್ಪಿಸುತ್ತೆ. ವಿನ್‌ಇನೆಟ್ ಬೆಳೆದಿದ್ದು ಇಂಟರ್ನೆಟ್ ಎಕ್ಸ್‌ಪ್ಲೋರರ್ ಜೊತೆ. ಬ್ರೌಸರ್‌ಗೆ ಬೇಕಾದ ಕುಕೀ, ಪ್ರಾಕ್ಸಿ (ನಡುವೆ ನಿಂತು ಕೋರಿಕೆ ದಾಟಿಸುವ ಸರ್ವರ್) ಸೆಟ್ಟಿಂಗ್, ಡಿಸ್ಕ್ ಕ್ಯಾಶ್ ಎಲ್ಲ ಅದರಲ್ಲೇ ಇದೆ. ನೀವು ಬರೆದಿದ್ದು ಡೌನ್‌ಲೋಡರ್ ಅಂತ ನಿಮಗೆ ಗೊತ್ತು, ಅದರ ಪಾಲಿಗೆ ನೀವೂ ಒಂದು ಬ್ರೌಸರ್.

ಆ ಕ್ಯಾಶ್ ಇರೋದು ಬಳಕೆದಾರರ ಪ್ರೊಫೈಲ್ ಒಳಗೆ, ಐನೆಟ್‌ಕ್ಯಾಶ್ ಅನ್ನೋ ಫೋಲ್ಡರ್‌ನಲ್ಲಿ. ಅದು ನಿಮ್ಮ ಪ್ರೋಗ್ರಾಂನ ಸೊತ್ತಲ್ಲ, ಆ ಲಾಗಿನ್‌ನ ಸೊತ್ತು. ಅದಕ್ಕೇ ಅನ್‌ಇನ್‌ಸ್ಟಾಲ್ ಮಾಡಿದರೂ ಹೋಗಲ್ಲ. ಕ್ರೋಮ್ ಮತ್ತು ಫೈರ್‌ಫಾಕ್ಸ್ ತಮ್ಮ ತಮ್ಮ ಕ್ಯಾಶ್ ಬೇರೆಯಾಗಿ ಇಟ್ಟುಕೊಂಡಿವೆ. ಅಲ್ಲಿ ಅಳಿಸಿದ್ದು ಇಲ್ಲಿಗೆ ತಟ್ಟಲ್ಲ. ನಿಮ್ಮ ಬಳಕೆದಾರರು ಮಾಡಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕೆಲಸ, ಪಾಪ, ನೀವೇ ಹೇಳಿದಿರಿ ಅಂತ.

ಎರಡು ಪ್ರಶ್ನೆ. ಒಂದು, ಕರ್ಲ್ ಅನ್ನೋ ಕಮಾಂಡ್ ಸಾಧನದಿಂದ ಬರೀ ಹೆಡರ್ (ಫೈಲ್ ಜೊತೆ ಸರ್ವರ್ ಕಳಿಸುವ ವಿವರದ ಸಾಲುಗಳು) ತರಿಸಿ ಇಲ್ಲಿ ಹಾಕಿ. ಕರ್ಲ್‌ಗೆ ಕ್ಯಾಶ್ ಅನ್ನೋದೇ ಇಲ್ಲ, ಹಾಗಾಗಿ ಸರ್ವರ್ ನಿಜವಾಗಿ ಏನು ಹೇಳುತ್ತೆ ಅಂತ ಗೊತ್ತಾಗುತ್ತೆ. ಎರಡು, ಆ ಮೂರನೇ ಗುಂಪಿನವರು ಇತ್ತೀಚೆಗೆ ಜಿಪ್ ಮತ್ತೆ ಇಳಿಸೋ ಹಾಗೆ ಏನಾದರೂ ಒತ್ತಿದ್ದರಾ?

ನಿತ್ಯಬಿಲ್ಡ್

ಹೆಡರ್‌ನಲ್ಲಿ ಲಾಸ್ಟ್-ಮಾಡಿಫೈಡ್ (ಕೊನೆಗೆ ಬದಲಾದ ಸಮಯ) ಇದೆ, ಇಟ್ಯಾಗ್ (ಫೈಲ್‌ನ ಈ ಆವೃತ್ತಿಯ ಗುರುತು) ಇದೆ. ಎಷ್ಟು ಕಾಲ ಇಟ್ಟುಕೊಳ್ಳಬಹುದು ಅಂತ ಹೇಳುವ ಕ್ಯಾಶ್-ಕಂಟ್ರೋಲ್ ಇಲ್ಲ, ಎಕ್ಸ್‌ಪೈರ್ಸ್ ಕೂಡ ಇಲ್ಲ. ಯಾವ ಸೂಚನೆಯೂ ಕೊಡದಿದ್ದರೆ ಕ್ಯಾಶ್ ಆಗಲ್ಲ ಅಂದುಕೊಂಡಿದ್ದೆ.

ಎರಡನೇ ಪ್ರಶ್ನೆ ಕೇಳಿ ಮೈ ಜುಮ್ ಅಂತು. ನಮ್ಮಲ್ಲಿ "ರಿಪೇರಿ" ಅನ್ನೋ ಬಟನ್ ಇದೆ. ಒತ್ತಿದರೆ ಜಿಪ್ ಮತ್ತೆ ಇಳಿಸಿ ಇರುವ ಫೈಲ್‌ಗಳ ಮೇಲೆಯೇ ಬರೆಯುತ್ತೆ. ಮೂರನೇ ಗುಂಪಿನ ನಾಲ್ವರಿಗೆ ಫೋನ್ ಮಾಡಿ ಕೇಳಿದೆ, ನಾಲ್ವರೂ ಕಳೆದ ಎರಡು ವಾರದಲ್ಲಿ ಅದನ್ನು ಒತ್ತಿದ್ದಾರೆ. ಹೇಗೆ ಗೊತ್ತಾಯ್ತು?

ಸರ್ವರ್‌ಸುಬ್ಬಿ

ಹುಲಿಯವರು ಬರೋದರೊಳಗೆ ನಾನು ಹೇಳ್ತೀನಿ, ಇದು ನನ್ನ ಕಡೆಯ ಕೆಲಸ.

"ಏನೂ ಹೇಳದಿದ್ದರೆ ಕ್ಯಾಶ್ ಆಗಲ್ಲ" ಅನ್ನೋದೇ ತಪ್ಪು. ಸರ್ವರ್ ಆಯಸ್ಸು ಹೇಳದೇ ಇದ್ದರೆ ಕ್ಯಾಶ್ ತಾನೇ ಅಂದಾಜು ಮಾಡಬಹುದು ಅಂತ ನಿಯಮವೇ ಇದೆ. ಈಗಿನ ನಿಯಮ 2022ರ ಆರ್‌ಎಫ್‌ಸಿ 9111. ಅದಕ್ಕೂ ಮೊದಲು 2014ರ 7234ರಲ್ಲೂ ಇದೇ ಮಾತಿತ್ತು. ಅಂದಾಜಿನ ರೂಢಿ ಏನಪ್ಪಾ ಅಂದರೆ, ಫೈಲ್ ಕೊನೆಗೆ ಬದಲಾಗಿ ಎಷ್ಟು ಕಾಲ ಆಗಿದೆಯೋ ಅದರ ಶೇ 10. ತರ್ಕ ಸರಳ: ಇಷ್ಟು ದಿನ ಬದಲಾಗದೇ ಇದ್ದದ್ದು ಇನ್ನೂ ಸ್ವಲ್ಪ ದಿನ ಬದಲಾಗಲಿಕ್ಕಿಲ್ಲ.

ನಿಮ್ಮ ಲೆಕ್ಕ ಹಾಕಿ. ಏಳು ತಿಂಗಳು ಅಂದರೆ ಸುಮಾರು 210 ದಿನ. ಬಿಡುಗಡೆಯ ಹಿಂದಿನ ದಿನ ಯಾರ ಪ್ರೋಗ್ರಾಂ ಜೇಸನ್ ಅನ್ನು ಸರ್ವರ್‌ನಲ್ಲಿ ಪರಿಶೀಲಿಸಿತೋ ಅವರ ಕ್ಯಾಶ್ "ಇದು ಇನ್ನು 21 ದಿನ ತಾಜಾ" ಅಂತ ಬರೆದುಕೊಂಡಿತು. ಆ 21 ದಿನ ಅದು ಸರ್ವರ್ ಬಾಗಿಲು ತಟ್ಟುವುದೇ ಇಲ್ಲ. ನೆಟ್‌ವರ್ಕ್ ಮೇಲೆ ಒಂದು ಬೈಟ್ ಕೂಡ ಹೋಗಲ್ಲ. ಯಾರ ಅವಧಿ ಅದೃಷ್ಟಕ್ಕೆ ಬಿಡುಗಡೆಯಾದ ಮರುದಿನವೇ ಮುಗಿಯಿತೋ ಅವರಿಗೆ ಹೊಸದು ಸಿಕ್ಕಿತು. ಮೊದಲ ಎರಡು ಗುಂಪು ಹುಟ್ಟಿದ್ದು ಹೀಗೆ.

ಮೂರನೇ ಗುಂಪಿನಲ್ಲಿ ಜೇಸನ್‌ನ ಅವಧಿ ಮುಗಿದಿದೆ, ರಿಪೇರಿ ಒತ್ತಿದ್ದರಿಂದ ಜಿಪ್‌ನ ಅವಧಿ ಮಾತ್ರ ಹೊಸದಾಗಿ ಶುರುವಾಗಿದೆ. ಎರಡು ಫೈಲ್, ಎರಡು ಗಡಿಯಾರ. ಒಂದಕ್ಕೊಂದು ಸಂಬಂಧವಿಲ್ಲದ ಗಡಿಯಾರಗಳನ್ನು ನಂಬಿ ಜೋಡಿ ಫೈಲ್ ಹಂಚಿದರೆ ಯಾವತ್ತಾದರೂ ಒಂದು ದಿನ ಹೀಗಾಗಲೇಬೇಕು.

ಒಂದು ವ್ಯಂಗ್ಯ ಗಮನಿಸಿ. ವಾರಕ್ಕೊಂದು ಬಿಡುಗಡೆ ಮಾಡುವವರಿಗೆ ಈ ತೊಂದರೆ ಕಾಣೋದೇ ಕಷ್ಟ, ಯಾಕೆಂದರೆ ಏಳು ದಿನದ ಶೇ 10 ಅಂದರೆ 17 ಗಂಟೆಯೂ ಇಲ್ಲ. ಫೈಲ್ ಎಷ್ಟು ಸ್ಥಿರವಾಗಿತ್ತೋ, ಬದಲಾದಾಗ ಪೆಟ್ಟು ಅಷ್ಟು ಜೋರು.

ಬೈಟುಬುಟ್ಟಿ

ಸರಿ, ಕಾರಣ ಗೊತ್ತಾಯ್ತು. ಆದರೂ ನನ್ನ ಟೈಮ್‌ಸ್ಟ್ಯಾಂಪ್ ಹಾಕಿದ್ದರೆ ಇದ್ಯಾವುದೂ ಆಗ್ತಿರಲಿಲ್ಲ. ತಪ್ಪೇನಿದೆ ಅದರಲ್ಲಿ?

ಹಳೆಹುಲಿ

ತಪ್ಪು ಅನ್ನಲ್ಲ, ಒರಟು ಅಂತೀನಿ. ಮೂರು ಕಡೆ ಚುಚ್ಚುತ್ತೆ.

ಪ್ರತಿ ಸಲ ಹೊಸ ವಿಳಾಸ ಅಂದರೆ ಪ್ರತಿ ಸಲ ಕ್ಯಾಶ್‌ನಲ್ಲಿ ಹೊಸ ದಾಖಲೆ. ಮತ್ತೆ ಯಾರೂ ಆ ವಿಳಾಸ ಕೇಳಲ್ಲ, ಆದರೂ ಫೈಲ್ ಡಿಸ್ಕ್‌ನಲ್ಲಿ ಕೂತಿರುತ್ತೆ. ಕ್ಯಾಶ್‌ಗೆ ಮಿತಿ ಇರೋದರಿಂದ ನಿಮ್ಮ ಕಸ ಒಳಗೆ ಬಂದ ಹಾಗೆ ಬೇರೆ ಪ್ರೋಗ್ರಾಂಗಳ ಉಪಯುಕ್ತ ದಾಖಲೆ ಹೊರಗೆ ಹೋಗುತ್ತೆ. ನೀವು ಕ್ಯಾಶ್ ತಪ್ಪಿಸುತ್ತಿಲ್ಲ, ತುಂಬಿಸುತ್ತಿದ್ದೀರಿ.

ಮಧ್ಯದಲ್ಲಿ ಸಿಡಿಎನ್ (ಫೈಲ್‌ನ ಪ್ರತಿಗಳನ್ನು ಬಳಕೆದಾರರ ಹತ್ತಿರ ಇಟ್ಟು ಹಂಚುವ ಸರ್ವರ್‌ಗಳ ಜಾಲ) ಇದ್ದು, ಅದು ಪ್ರಶ್ನೆ ಚಿಹ್ನೆಯ ನಂತರದ್ದನ್ನೂ ವಿಳಾಸದ ಭಾಗ ಅಂತ ನೋಡುತ್ತಿದ್ದರೆ, ಪ್ರತಿ ಬಳಕೆದಾರರ ಪ್ರತಿ ಕೋರಿಕೆಯೂ ನೇರ ಮೂಲ ಸರ್ವರ್ ಮೇಲೆ ಬೀಳುತ್ತೆ. 2 ಕೆಬಿಗೆ ಪರವಾಗಿಲ್ಲ. 18 ಎಂಬಿ ಜಿಪ್‌ಗೆ ಹೀಗೆ ಮಾಡಿದರೆ ಸಿಡಿಎನ್ ಇಟ್ಟುಕೊಂಡಿದ್ದೇ ದಂಡ.

ಕೊನೆಯದು, ಸಹಿ ಹಾಕಿದ ವಿಳಾಸಗಳು. ಕ್ಲೌಡ್ ಸ್ಟೋರೇಜ್‌ಗಳು ಕೊಡುವ ತಾತ್ಕಾಲಿಕ ಲಿಂಕ್‌ಗಳಲ್ಲಿ ಪ್ಯಾರಾಮೀಟರ್‌ಗಳೂ ಸಹಿಯ ಲೆಕ್ಕಕ್ಕೆ ಸೇರಿರಬಹುದು. ನೀವು ಒಂದು ಅಕ್ಷರ ಸೇರಿಸಿದರೂ ಬಾಗಿಲು ಮುಚ್ಚುತ್ತೆ.

ವಿನ್‌ಇನೆಟ್‌ನಲ್ಲೇ ಇರಬೇಕು ಅಂದರೆ ಅದರ ಫ್ಲ್ಯಾಗ್‌ಗಳನ್ನು ಸರಿಯಾಗಿ ಬಳಸಿ. ಇಂಟರ್ನೆಟ್-ಓಪನ್-ಯುಆರ್‌ಎಲ್ ಅಥವಾ ಎಚ್‌ಟಿಟಿಪಿ-ಓಪನ್-ರಿಕ್ವೆಸ್ಟ್ ಕರೆಯುವಾಗ ಇವನ್ನು ಕೊಡಬಹುದು. ರೀಲೋಡ್ ಅಂದರೆ ಕ್ಯಾಶ್‌ನಲ್ಲಿ ಏನಿದ್ದರೂ ಓದಬೇಡ, ಹೋಗಿ ತಾ. ರೀಸಿಂಕ್ರನೈಸ್ ಅಂದರೆ ಸರ್ವರ್‌ಗೆ ಹೋಗಿ ಬದಲಾಗಿದೆಯಾ ಕೇಳು, ಬದಲಾಗಿದ್ದರೆ ಮಾತ್ರ ಇಳಿಸು. ನೋ-ಕ್ಯಾಶ್-ರೈಟ್ ಬೇರೆ ದಿಕ್ಕಿನದು: ತಂದದ್ದನ್ನು ಕ್ಯಾಶ್‌ನಲ್ಲಿ ಇಡಬೇಡ. ಪ್ರಾಗ್ಮಾ-ನೋ-ಕ್ಯಾಶ್ ಹಾಕಿದರೆ ದಾರಿಯಲ್ಲಿರುವ ಪ್ರಾಕ್ಸಿಗೂ ನಿನ್ನ ಪ್ರತಿ ಬೇಡ ಅಂತ ಹೇಳಿ ಕಳಿಸಿದ ಹಾಗೆ.

ಜನ ಎಡವೋದು ಇಲ್ಲೇ. ನೋ-ಕ್ಯಾಶ್-ರೈಟ್ ಒಂದನ್ನೇ ಹಾಕಿ "ಕ್ಯಾಶ್ ಆಫ್ ಮಾಡಿದೆ" ಅಂದುಕೊಳ್ಳುತ್ತಾರೆ. ಅದು ಬರೆಯೋದನ್ನು ತಡೆಯುತ್ತೆ, ಓದೋದನ್ನು ತಡೆಯಲ್ಲ. ಮೊದಲೇ ಕೂತಿರುವ ಹಳೆ ಪ್ರತಿಯನ್ನು ಅದು ಆರಾಮಾಗಿ ತೆಗೆದು ಕೊಡಬಹುದು.

ಇವತ್ತು ರಾತ್ರಿಯೇ ಏನಾದರೂ ಮಾಡಬೇಕು ಅಂದರೆ, ಇಳಿಸುವ ಮೊದಲು ಡಿಲೀಟ್-ಯುಆರ್‌ಎಲ್-ಕ್ಯಾಶ್-ಎಂಟ್ರಿ ಅನ್ನೋ ಫಂಕ್ಷನ್‌ಗೆ ಅದೇ ವಿಳಾಸ ಕೊಟ್ಟು ಕರೆಯಿರಿ. ಆ ಒಂದು ದಾಖಲೆ ಮಾತ್ರ ಹೋಗುತ್ತೆ. ದಯವಿಟ್ಟು ಇಡೀ ಐನೆಟ್‌ಕ್ಯಾಶ್ ಫೋಲ್ಡರ್ ಗುಡಿಸುವ ಕೋಡ್ ಬರೆಯಬೇಡಿ. ಅದು ನಿಮ್ಮ ಮನೆಯಲ್ಲ.

ಕಡ್ಡಿಮುರುಕ

ನಮಗ ಬ್ಯಾರೆನೇ ತ್ರಾಸು ಆಗಿತ್ತು. ಹಳೇ ಫೈಲ್ ಬರ್ತಿರಲಿಲ್ಲ, ಡಿಸ್ಕ್ ತುಂಬತಿತ್ತು. 2 ಜಿಬಿ ಡೇಟಾ ಇಳಿಸಿದ್ರ 4 ಜಿಬಿ ಜಾಗ ಹೋಗೂದು. ಮೂರು ದಿನ ಮೆಮರಿ ಲೀಕ್ ಅಂತ ನಮ್ಮ ಕೋಡ್‌ನ್ಯಾಗ ಹುಡುಕಿದ್ವಿ. ಕಡೀಕ ನೋಡಿದ್ರ ಆ ಫಂಕ್ಷನ್ ಮೊದಲ ಕ್ಯಾಶ್‌ನ್ಯಾಗ ಬರೀತದ, ಆಮ್ಯಾಲ ನಾವು ಕೇಳಿದ ಜಾಗಕ್ಕ ಕಾಪಿ ಮಾಡ್ತದ. ಗುಡ್ಡ ಅಗದು ಇಲಿ ಹಿಡದಂಗಾತು. ರೀಲೋಡ್ ಮತ್ತ ನೋ-ಕ್ಯಾಶ್-ರೈಟ್ ಎರಡೂ ಹಾಕಿ, 64 ಕೆಬಿ ತುಂಡು ತುಂಡು ಓದಿ ನಾವೇ ಫೈಲಿಗೆ ಬರಿಯೂದು ಮಾಡಿದ ಮ್ಯಾಲ ಸುಮ್ಮನಾತು.

ಮೂಕಲಾಗ್

ಜಾಗಕ್ಕಿಂತ ದೊಡ್ಡ ತಲೆನೋವು ಇನ್ನೊಂದಿದೆ. ಲಾಗಿನ್ ಆದ ಮೇಲೆ ಸಿಗುವ ಖಾಸಗಿ ಪಿಡಿಎಫ್‌ಗಳನ್ನು ಇಳಿಸುವ ಪ್ರೋಗ್ರಾಂ ನಮ್ಮದು. ಫೈಲ್ ನೋಡಿ ಮುಚ್ಚಿದ ಮೇಲೆ ನಮ್ಮ ಟೆಂಪ್ ಪ್ರತಿಯನ್ನು ಅಳಿಸುತ್ತಿದ್ದೆವು, ಬಹಳ ಜಾಣರು ಅಂತ ಬೀಗುತ್ತಿದ್ದೆವು. ಇನ್ನೊಂದು ಪ್ರತಿ ಐನೆಟ್‌ಕ್ಯಾಶ್‌ನಲ್ಲಿ ತಣ್ಣಗೆ ಮಲಗಿತ್ತು. ಎಚ್‌ಟಿಟಿಪಿಎಸ್ ಆದರೆ ಡಿಸ್ಕ್‌ಗೆ ಬರೆಯಲ್ಲ ಅಂತ ನಂಬಿದ್ದೆ. ಹಾಗೇನಿಲ್ಲ, ಎನ್‌ಕ್ರಿಪ್ಶನ್ ದಾರಿಗೆ ಮಾತ್ರ, ಮನೆ ತಲುಪಿದ ಮೇಲೆ ಅದು ಸಾದಾ ಫೈಲ್.

ಇಂಥವಕ್ಕೆ ಸರ್ವರ್‌ನಿಂದ ಯಾವ ಹೆಡರ್ ಕಳಿಸಬೇಕು, ನೋ-ಕ್ಯಾಶ್ ಸಾಕಾ?

ಸರ್ವರ್‌ಸುಬ್ಬಿ

ಸಾಲದು! ಈ ಹೆಸರಿಟ್ಟ ಪುಣ್ಯಾತ್ಮರು ಯಾರೋ, ಎಷ್ಟು ಜನರ ದಾರಿ ತಪ್ಪಿಸಿದ್ದಾರೆ.

ನೋ-ಕ್ಯಾಶ್ ಅಂದರೆ "ಇಟ್ಟುಕೊಳ್ಳಬೇಡ" ಅಂತ ಅಲ್ಲ. ಇಟ್ಟುಕೋ, ಆದರೆ ಕೊಡುವ ಮೊದಲು ಪ್ರತಿ ಸಲ ನನ್ನನ್ನು ಕೇಳು ಅಂತ. ಇಟ್ಟುಕೊಳ್ಳಲೇಬೇಡ ಅನ್ನೋದಕ್ಕೆ ನೋ-ಸ್ಟೋರ್. ನಿಮ್ಮ ಪಿಡಿಎಫ್‌ಗೆ ನೋ-ಸ್ಟೋರ್, ಜೊತೆಗೆ ಪ್ರೋಗ್ರಾಂ ಕಡೆಯಿಂದ ನೋ-ಕ್ಯಾಶ್-ರೈಟ್.

ನಿತ್ಯಬಿಲ್ಡ್ ಅವರ ಜೇಸನ್‌ಗೆ ಮಾತ್ರ ನೋ-ಕ್ಯಾಶ್ ಹೇಳಿ ಮಾಡಿಸಿದ ಹಾಗಿದೆ. ಕ್ಯಾಶ್ ತನ್ನ ಬಳಿಯ ಇಟ್ಯಾಗ್ ಅನ್ನು ಇಫ್-ನನ್-ಮ್ಯಾಚ್ ಹೆಡರ್‌ನಲ್ಲಿ ಕಳಿಸುತ್ತೆ. ಬದಲಾಗಿಲ್ಲದಿದ್ದರೆ ಸರ್ವರ್ 304 ಅಂದು ಸುಮ್ಮನಾಗುತ್ತೆ, ಫೈಲ್ ಕಳಿಸಲ್ಲ. ಬದಲಾಗಿದ್ದರೆ 200 ಜೊತೆ ಹೊಸದು. ಕಸ್ಟಮರ್ ಸಪೋರ್ಟ್‌ನವರ ಒತ್ತಡಕ್ಕೆ "ಕ್ಯಾಶ್ ಪೂರ್ತಿ ಕಿತ್ತೆಸೆ" ಅನ್ನೋದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ.

ಇಟ್ಯಾಗ್ ನಂಬುವ ಮೊದಲು ಒಂದು ವಿಷಯ ನೋಡಿಕೊಳ್ಳಿ. ಲೋಡ್ ಬ್ಯಾಲೆನ್ಸರ್ (ಕೋರಿಕೆಗಳನ್ನು ಹಲವು ಸರ್ವರ್‌ಗಳಿಗೆ ಹಂಚುವುದು) ಹಿಂದೆ ಎರಡು ಮೂರು ಯಂತ್ರಗಳಿದ್ದರೆ ಒಂದೇ ಫೈಲ್‌ಗೆ ಎಲ್ಲವೂ ಒಂದೇ ಇಟ್ಯಾಗ್ ಕೊಡುತ್ತವೆಯಾ? ಎಂಜಿನ್‌ಎಕ್ಸ್ ವೆಬ್ ಸರ್ವರ್ ಅದನ್ನು ಫೈಲ್ ಬದಲಾದ ಸಮಯ ಮತ್ತು ಗಾತ್ರದಿಂದ ಕಟ್ಟುತ್ತೆ, ಹಾಗಾಗಿ ಎಲ್ಲ ಯಂತ್ರಗಳಿಗೂ ಫೈಲ್ ಕಾಪಿ ಮಾಡುವಾಗ ಸಮಯವನ್ನೂ ಉಳಿಸಿಕೊಳ್ಳಬೇಕು. ಹಳೇ ಅಪಾಚೆ 2.2 ಆವೃತ್ತಿಗಳಲ್ಲಿ ಐನೋಡ್ (ಡಿಸ್ಕ್‌ನಲ್ಲಿ ಫೈಲ್‌ಗೆ ಕೊಟ್ಟ ಕ್ರಮಾಂಕ) ಸಂಖ್ಯೆಯೂ ಸೇರುತ್ತಿತ್ತು. ಅದು ಯಂತ್ರದಿಂದ ಯಂತ್ರಕ್ಕೆ ಬೇರೆ, ಹಾಗಾಗಿ 304 ಸಿಗಬೇಕಾದ ಕಡೆ ಸುಮ್ಮನೆ 200.

ಎಕ್ಸೆಲ್‌ಏಜೆಂಟ್

ನಡುವೆ ಬಾಯಿ ಹಾಕ್ತೀನಿ, ನನ್ನದು ಎಕ್ಸೆಲ್ ಮ್ಯಾಕ್ರೋ. ಎಂಎಸ್‌ಎಕ್ಸ್‌ಎಂಎಲ್‌ನ ಎಕ್ಸ್‌ಎಂಎಲ್‌ಎಚ್‌ಟಿಟಿಪಿ ಆಬ್ಜೆಕ್ಟ್‌ನಿಂದ ಸಿಎಸ್‌ವಿ ತರ್ತೀನಿ. ಎಕ್ಸೆಲ್ ಮುಚ್ಚಿ ತೆಗೆದರೂ ಹಳೇ ಅಂಕಿಗಳೇ. ಇದೇ ಕಾಯಿಲೆನಾ?

ಹಳೆಹುಲಿ

ಅದೇ ಕಾಯಿಲೆ, ಔಷಧಿ ಸುಲಭ. ಆ ಆಬ್ಜೆಕ್ಟ್ ವಿನ್‌ಇನೆಟ್ ಮೇಲೆ ಕೂತಿದೆ. ಅದರ ಅಣ್ಣ ಸರ್ವರ್-ಎಕ್ಸ್‌ಎಂಎಲ್‌ಎಚ್‌ಟಿಟಿಪಿ ವಿನ್‌ಎಚ್‌ಟಿಟಿಪಿ ಮೇಲೆ ಕೂತಿದೆ, ವಿನ್‌ಎಚ್‌ಟಿಟಿಪಿಗೆ ಡಿಸ್ಕ್ ಕ್ಯಾಶ್ ಇಲ್ಲ. ಹೆಸರು ಬದಲಿಸಿ, ಉಳಿದ ಸಾಲುಗಳು ಬಹುಪಾಲು ಹಾಗೇ ನಡೆಯುತ್ತವೆ. ಪ್ರಾಕ್ಸಿ ಸೆಟ್ಟಿಂಗ್ ಮಾತ್ರ ಬೇರೆ ಕಡೆಯಿಂದ ತಗೊಳ್ಳುತ್ತೆ, ಆಫೀಸ್ ಪ್ರಾಕ್ಸಿ ಹಿಂದೆ ಇದ್ದರೆ ಪರೀಕ್ಷಿಸಿ.

ಬದಲಿಸೋಕೆ ಆಗದಿದ್ದರೆ ಹಳೇ ತಂತ್ರ ಒಂದಿದೆ. ಇಫ್-ಮಾಡಿಫೈಡ್-ಸಿನ್ಸ್ ಹೆಡರ್‌ನಲ್ಲಿ 2000ದ ಜನವರಿ 1ರಂಥ ಯಾವುದೋ ಹಳೇ ದಿನಾಂಕ ಹಾಕೋದು. ಆ ದಿನದಿಂದೀಚೆಗೆ ಫೈಲ್ ಬದಲಾಗಿಯೇ ಇರುತ್ತೆ, ಹಾಗಾಗಿ ಪೂರ್ತಿ ಫೈಲ್ ಬರುತ್ತೆ. ನೋಡೋಕೆ ಮಾಟದ ಹಾಗಿದೆ, ಕೆಲಸ ಮಾಡುತ್ತೆ.

ನಿತ್ಯಬಿಲ್ಡ್, ಇದು ನಿಮಗೂ ಅನ್ವಯಿಸುತ್ತೆ. ಅಪ್‌ಡೇಟ್ ಕೆಲಸವನ್ನು ಮುಂದೆ ವಿಂಡೋಸ್ ಸರ್ವಿಸ್‌ಗೆ ಒಪ್ಪಿಸುವ ಯೋಚನೆ ಇದ್ದರೆ ವಿನ್‌ಇನೆಟ್ ಮರೆತುಬಿಡಿ. ಸರ್ವಿಸ್ ಒಳಗೆ ಬಳಸಲು ಅದಕ್ಕೆ ಬೆಂಬಲವೇ ಇಲ್ಲ, ಅಲ್ಲಿ ವಿನ್‌ಎಚ್‌ಟಿಟಿಪಿಯೇ ಸರಿ.

ಕ್ಯೂಟಿಕಿಟ್ಟಿ

ಈ ಥ್ರೆಡ್ ಓದಿ ಹೆದರಿ ಕ್ಯೂಟಿ ಲೈಬ್ರರಿ ಬಳಸಿ ಬರೆದ ನನ್ನ ಕೋಡ್ ನೋಡಿದೆ. ಕ್ಯೂ-ನೆಟ್‌ವರ್ಕ್-ಆ್ಯಕ್ಸೆಸ್-ಮ್ಯಾನೇಜರ್‌ಗೆ ನಾವಾಗಿ ಕ್ಯಾಶ್ ಕೊಟ್ಟರೆ ಮಾತ್ರ ಕ್ಯಾಶ್, ಇಲ್ಲದಿದ್ದರೆ ಇಲ್ಲ. ನಾನು ಎರಡು ವರ್ಷದ ಹಿಂದೆ ಐಕಾನ್‌ಗಳಿಗೋಸ್ಕರ ಕ್ಯೂ-ನೆಟ್‌ವರ್ಕ್-ಡಿಸ್ಕ್-ಕ್ಯಾಶ್ ಜೋಡಿಸಿದ್ದೆ. ಅದರ ಡೀಫಾಲ್ಟ್ ಮಿತಿ 50 ಎಂಬಿ. ಅದೇ ಮ್ಯಾನೇಜರ್‌ನಿಂದಲೇ ಅಪ್‌ಡೇಟ್ ಕೂಡ ಇಳಿಸುತ್ತಿದ್ದೆ, ಅಂದರೆ ಒಂದು ಅಪ್‌ಡೇಟ್ ಬಂದರೆ ಐಕಾನ್‌ಗಳೆಲ್ಲ ಹೊರಗೆ! ಈಗ ಕೋರಿಕೆಯ ಮಟ್ಟದಲ್ಲೇ ಬೇರೆ ಮಾಡಿದೆ: ಅಪ್‌ಡೇಟ್ ಕೋರಿಕೆಗೆ ಲೋಡ್-ಕಂಟ್ರೋಲ್ "ಆಲ್ವೇಸ್ ನೆಟ್‌ವರ್ಕ್", ಸೇವ್-ಕಂಟ್ರೋಲ್ ಫಾಲ್ಸ್. ಐಕಾನ್‌ಗಳಿಗೆ ಡೀಫಾಲ್ಟ್ ಆದ "ಪ್ರಿಫರ್ ನೆಟ್‌ವರ್ಕ್" ಹಾಗೇ ಬಿಟ್ಟೆ. ಹೆಸರು ನೋಡಿ ಅದು ಯಾವಾಗಲೂ ನೆಟ್‌ವರ್ಕ್‌ಗೆ ಹೋಗುತ್ತೆ ಅಂದುಕೊಂಡಿದ್ದೆ. ಅದೂ ತಾಜಾ ಇದ್ದರೆ ಕ್ಯಾಶ್‌ನಿಂದಲೇ ಕೊಡುತ್ತೆ.

ಸೇಬುತೋಟ

ಮ್ಯಾಕ್ ಕಡೆಯಿಂದ ಒಂದು ಮಾತು. ಯುಆರ್‌ಎಲ್-ಸೆಷನ್‌ನ ಮಾಮೂಲಿ ಸಂರಚನೆಗೆ ಡಿಸ್ಕ್ ಕ್ಯಾಶ್ ಇದೆ. ಎಫಿಮೆರಲ್ (ತಾತ್ಕಾಲಿಕ) ಸಂರಚನೆ ತಗೊಂಡರೆ ಡಿಸ್ಕ್‌ಗೆ ಏನೂ ಬರೆಯಲ್ಲ. ಒಂದೊಂದು ಕೋರಿಕೆಗೆ ಬೇಕಾದರೆ "ಲೋಕಲ್ ಕ್ಯಾಶ್ ಕಡೆಗಣಿಸಿ ಮತ್ತೆ ತಾ" ಅನ್ನೋ ಪಾಲಿಸಿ ಕೊಡಬಹುದು. ನಮ್ಮನ್ನು ಗೋಳಾಡಿಸಿದ್ದು ಗಾತ್ರ. ಡಿಸ್ಕ್ ಕ್ಯಾಶ್‌ನ ಸುಮಾರು ಶೇ 5ಕ್ಕಿಂತ ದೊಡ್ಡ ಉತ್ತರವನ್ನು ಅದು ಇಟ್ಟುಕೊಳ್ಳಲ್ಲ. ಟೆಸ್ಟ್ ಫೈಲ್ ದೊಡ್ಡದಿದ್ದಾಗ ಯಾವಾಗಲೂ ಹೊಸದು, ಗ್ರಾಹಕರ ಸಣ್ಣ ಫೈಲ್‌ಗೆ ಹಳೆಯದು. ನಮ್ಮ ಯಂತ್ರದಲ್ಲಿ ಸರಿ ಇದೆ ಅಂತ ವಾದ ಮಾಡ್ತಾ ಕೂತಿದ್ದೆವು.

ಬೈಟುಬುಟ್ಟಿ

ಡಾಟ್‌ನೆಟ್‌ನ ಹೊಸ ಎಚ್‌ಟಿಟಿಪಿ-ಕ್ಲೈಂಟ್, ಪೈಥಾನ್‌ನ ರಿಕ್ವೆಸ್ಟ್ಸ್, ಲಿಬ್‌ಕರ್ಲ್, ಇವುಗಳಲ್ಲಿ ಕ್ಯಾಶೇ ಇಲ್ಲ. ಹತ್ತು ವರ್ಷದಿಂದ ಟೈಮ್‌ಸ್ಟ್ಯಾಂಪ್ ಅಂಟಿಸ್ತಾ ಇದ್ದ ನನ್ನ ಕೋಡ್ ಪೈಥಾನ್‌ನದ್ದು. ಈಗ ನೋಡಿದೆ. ಇಲ್ಲದ ದೆವ್ವಕ್ಕೆ ದಿನಾ ತಾಯಿತ ಕಟ್ಟುತ್ತಿದ್ದೆ.

ಹಳೆಹುಲಿ

😄 ಸತ್ಯ ಒಪ್ಪಿಕೊಂಡಿದ್ದಕ್ಕೆ ಹ್ಯಾಟ್ಸಾಫ್. ಆದರೆ ತಾಯಿತ ಬಿಚ್ಚುವ ಮೊದಲು ಮಧ್ಯೆ ಸಿಡಿಎನ್ ಇದೆಯಾ ನೋಡಿ. ಅಲ್ಲಿ ಅದು ನಿಜವಾಗಿಯೂ ಕಾಯುತ್ತಿರಬಹುದು.

ನಿತ್ಯಬಿಲ್ಡ್

ಎಲ್ಲರಿಗೂ ಧನ್ಯವಾದ. ಯುಆರ್‌ಎಲ್-ಡೌನ್‌ಲೋಡ್-ಟು-ಫೈಲ್ ಕಿತ್ತುಹಾಕಿದೆ. ಜೇಸನ್‌ಗೆ ರೀಸಿಂಕ್ರನೈಸ್, ಜಿಪ್‌ಗೆ ರೀಲೋಡ್ ಮತ್ತು ನೋ-ಕ್ಯಾಶ್-ರೈಟ್. ಪರೀಕ್ಷೆಗೆ ಕೊಟ್ಟವರಲ್ಲಿ ಎಲ್ಲ ಕಡೆ ಸರಿಯಾಗಿದೆ, ಒಂದು ಆಫೀಸ್ ಬಿಟ್ಟು. ಅಲ್ಲಿನ ಹತ್ತು ಯಂತ್ರಕ್ಕೂ ಹಳೇ ಜಿಪ್. ಅಲ್ಲಿಂದ ಕರ್ಲ್ ಓಡಿಸಿದರೂ ಹಳೆಯದೇ! ಕರ್ಲ್‌ಗೆ ಕ್ಯಾಶ್ ಇಲ್ಲ ಅಂದಿರಲ್ಲ?

ಸರ್ವರ್‌ಸುಬ್ಬಿ

ಕರ್ಲ್‌ಗೆ ಇಲ್ಲ, ದಾರಿಗೆ ಇದೆ. ಆ ಹೆಡರ್‌ಗಳಲ್ಲಿ "ಏಜ್" ಅಂತ ಇದೆಯಾ?

ನಿತ್ಯಬಿಲ್ಡ್

ಇದೆ. 6120.

ಸರ್ವರ್‌ಸುಬ್ಬಿ

ಅದು ಸೆಕೆಂಡ್ ಲೆಕ್ಕ. ಸರ್ವರ್‌ನಿಂದ ಹೊರಟು ಅಥವಾ ಅಲ್ಲಿ ಪರಿಶೀಲನೆಯಾಗಿ 1 ಗಂಟೆ 42 ನಿಮಿಷ ಆಗಿರುವ ಪ್ರತಿಯನ್ನು ಯಾವುದೋ ಹಂಚಿಕೆಯ ಕ್ಯಾಶ್ ನಿಮಗೆ ಕೊಡುತ್ತಿದೆ. ಆಫೀಸ್ ಪ್ರಾಕ್ಸಿ ಇರಬಹುದು, ನಿಮ್ಮ ಸಿಡಿಎನ್‌ನ ಹತ್ತಿರದ ನೆಲೆ ಇರಬಹುದು. ಈ ಹೆಡರ್ ಕಂಡರೆ ನಿಮ್ಮ ಪ್ರೋಗ್ರಾಂ ಒಳಗೆ ಹುಡುಕೋದು ನಿಲ್ಲಿಸಿ, ಲೋಕಲ್ ಕ್ಯಾಶ್ ನಿರಪರಾಧಿ.

ಕೋರಿಕೆಯಲ್ಲಿ ನೋ-ಕ್ಯಾಶ್ ಕಳಿಸಿದರೆ ಮರ್ಯಾದಸ್ಥ ಪ್ರಾಕ್ಸಿ ಕೇಳುತ್ತೆ. ಸಿಡಿಎನ್‌ಗಳು ಸಾಮಾನ್ಯವಾಗಿ ಕ್ಲೈಂಟ್ ಮಾತಿಗೆ ಕಿವಿ ಕೊಡಲ್ಲ. ಕೊಟ್ಟರೆ ಯಾರು ಬೇಕಾದರೂ ಮೂಲ ಸರ್ವರ್ ಮೇಲೆ ಹೊರೆ ಹಾಕಬಹುದಲ್ಲ. ಅಲ್ಲಿ ಪರ್ಜ್ ಮಾಡಬೇಕು, ಅಂದರೆ ಇಟ್ಟುಕೊಂಡ ಪ್ರತಿಯನ್ನು ಅಳಿಸಬೇಕು, ಇಲ್ಲವೇ ಫೈಲ್‌ನ ಹೆಸರೇ ಬದಲಾಗಬೇಕು.

ನನ್ನ ಮಟ್ಟಿಗೆ ಹೆಸರು ಬದಲಾಗೋದೇ ನಿಜವಾದ ಪರಿಹಾರ. ಜಿಪ್‌ನ ಹೆಸರಿನಲ್ಲೇ ಆವೃತ್ತಿ ಮತ್ತು ಹ್ಯಾಶ್‌ನ ಮೊದಲ ಕೆಲವು ಅಕ್ಷರ ಹಾಕಿ. ಒಮ್ಮೆ ಆ ಹೆಸರಲ್ಲಿ ಫೈಲ್ ಇಟ್ಟ ಮೇಲೆ ಯಾವ ಕಾರಣಕ್ಕೂ ಅದರ ಮೇಲೆ ಬರೆಯಬೇಡಿ. ಆಗ ಮ್ಯಾಕ್ಸ್-ಏಜ್ 31536000, ಅಂದರೆ ಒಂದು ವರ್ಷ, ಜೊತೆಗೆ ಇಮ್ಯೂಟಬಲ್ (ಇದು ಬದಲಾಗಲ್ಲ) ಅಂತಲೂ ಧೈರ್ಯವಾಗಿ ಕಳಿಸಬಹುದು. ಎಷ್ಟು ಕ್ಯಾಶ್ ಆದರೆ ಅಷ್ಟು ಒಳ್ಳೆಯದು ಅನ್ನೋ ಸ್ಥಿತಿಗೆ ಬರ್ತೀರಿ. ಬದಲಾಗುವ ವಿಳಾಸ ಇಡೀ ವ್ಯವಸ್ಥೆಯಲ್ಲಿ ಒಂದೇ ಇರಲಿ, ಆ ಜೇಸನ್. ಅದಕ್ಕೆ ನೋ-ಕ್ಯಾಶ್. ಎರಡು ಗಡಿಯಾರದ ಗೊಂದಲ ಅಲ್ಲಿಗೆ ಮುಗಿಯಿತು, ಯಾಕೆಂದರೆ ಗಡಿಯಾರ ಉಳಿದಿದ್ದೇ ಒಂದು.

ಮೂಕಲಾಗ್

ಇದರ ಜೊತೆ ಒಂದು ಪ್ರಶ್ನೆ. ಅರ್ಧಕ್ಕೆ ನಿಂತ ಡೌನ್‌ಲೋಡ್ ಮುಂದುವರಿಸುವ ಸೌಲಭ್ಯ ನಮ್ಮಲ್ಲಿದೆ. ಇಲ್ಲಿಂದ ಮುಂದಿನದು ಮಾತ್ರ ಕೊಡು ಅನ್ನೋ ರೇಂಜ್ ಹೆಡರ್ ಕಳಿಸ್ತೀವಿ, 206 (ಭಾಗ ಮಾತ್ರ ಕಳಿಸಿದೆ) ಬರುತ್ತೆ, ಅಂಟಿಸ್ತೀವಿ. ಅಪರೂಪಕ್ಕೆ ಜಿಪ್ ತೆರೆಯಲ್ಲ.

ಸರ್ವರ್‌ಸುಬ್ಬಿ

ಮೊದಲರ್ಧ ಹಳೇ ಫೈಲ್‌ನದು, ಉಳಿದರ್ಧ ಹೊಸದರದು. ನಡುವೆ ಸರ್ವರ್‌ನಲ್ಲಿ ಫೈಲ್ ಬದಲಾಗಿದೆ. ರೇಂಜ್ ಜೊತೆ ಇಫ್-ರೇಂಜ್ ಕಳಿಸಿ, ಅದರಲ್ಲಿ ಮೊದಲ ಸಲ ಸಿಕ್ಕ ಇಟ್ಯಾಗ್ ಇರಲಿ. ಫೈಲ್ ಅದೇ ಇದ್ದರೆ 206, ಬದಲಾಗಿದ್ದರೆ ಸರ್ವರ್ 200 ಹೇಳಿ ಮೊದಲಿಂದ ಪೂರ್ತಿ ಕಳಿಸುತ್ತೆ. ಆ 200 ಬಂದಾಗ ಅಂಟಿಸದೆ ಹೊಸದಾಗಿ ಬರೆಯೋದನ್ನು ಮರೆಯಬೇಡಿ, ಮರೆತವರನ್ನು ನೋಡಿದ್ದೇನೆ.

ದುರ್ಬಲ ಇಟ್ಯಾಗ್ (ಬೈಟ್ ಬೈಟೂ ಒಂದೇ ಅಂತ ಖಾತ್ರಿ ಕೊಡದ್ದು) ಇಲ್ಲಿ ನಡೆಯಲ್ಲ. ಎಂಜಿನ್‌ಎಕ್ಸ್ ಕಳಿಸುವ ಹೊತ್ತಿನಲ್ಲೇ ಫೈಲ್ ಅನ್ನು ಜಿಜಿಪ್‌ನಿಂದ ಸಂಕುಚಿತ ಮಾಡಿದಾಗ ಇಟ್ಯಾಗ್ ಅನ್ನು ದುರ್ಬಲ ಮಾಡಿಬಿಡುತ್ತೆ. ಜಿಪ್ ಫೈಲ್ ಹೇಗೂ ಸಂಕುಚಿತ, ಅದಕ್ಕೆ ಮತ್ತೆ ಜಿಜಿಪ್ ಹಚ್ಚಬೇಡಿ.

ನಿತ್ಯಬಿಲ್ಡ್

ಹೆಸರಿನಲ್ಲಿ ಹ್ಯಾಶ್ ಇಡೋದು ಜಾರಿಯಾಯ್ತು. ಆ ಆಫೀಸ್‌ನ ಹತ್ತು ಯಂತ್ರ ತಕ್ಷಣ ಸರಿಯಾದವು, ಪ್ರಾಕ್ಸಿಯವರ ಜೊತೆ ಮಾತಾಡುವ ಪ್ರಮೇಯವೇ ಬರಲಿಲ್ಲ.

ಈಗ ಒಂದು ಸಂಕಟ. ಸರ್ವರ್‌ನಲ್ಲಿ ಜೇಸನ್‌ಗೆ ನೋ-ಕ್ಯಾಶ್ ಹಾಕಿದೆ. ಆದರೆ ಎರಡನೇ ಗುಂಪಿನವರ ಹಳೇ ಪ್ರೋಗ್ರಾಂಗೆ ಆ ಹೆಡರ್ ತಲುಪೋದು ಹೇಗೆ? ಅದು ಸರ್ವರ್ ಬಾಗಿಲಿಗೇ ಬರ್ತಿಲ್ಲವಲ್ಲ.

ಹಳೆಹುಲಿ

ತಲುಪಲ್ಲ. ಇವತ್ತು ಬದಲಿಸಿದ ಹೆಡರ್ ನಿನ್ನೆ ಇಟ್ಟುಕೊಂಡ ಪ್ರತಿಗೆ ಅನ್ವಯಿಸಲ್ಲ. ಸುಬ್ಬಿಯವರ ಲೆಕ್ಕದಂತೆ ಅತಿ ಕೆಟ್ಟದೆಂದರೆ ಬಿಡುಗಡೆಯಿಂದ 21 ದಿನ, ಅದಾದ ಮೇಲೆ ತಾನಾಗಿ ಬರ್ತಾರೆ. ಅವಸರ ಇರುವವರಿಗೆ ಕಂಟ್ರೋಲ್ ಪ್ಯಾನೆಲ್‌ನ ಇಂಟರ್ನೆಟ್ ಆಪ್ಷನ್ಸ್‌ನಲ್ಲಿ ತಾತ್ಕಾಲಿಕ ಫೈಲ್ ಅಳಿಸಲು ಹೇಳಿ. ಈ ಸಲ ಬರೆ ಎತ್ತಿಗೇ ಬೀಳುತ್ತೆ.

ಮೂರನೇ ಗುಂಪಿಗೆ ಒಳ್ಳೆ ಸುದ್ದಿ. ಅವರ ಬಳಿ ಇರೋದು ಹೊಸ ಜೇಸನ್, ಅದು ಹುಟ್ಟಿ ಕೆಲವೇ ದಿನ ಆಗಿತ್ತು. ನಾಲ್ಕು ದಿನದ ಶೇ 10 ಅಂದರೆ ಹತ್ತು ಗಂಟೆಯೂ ಇಲ್ಲ. ಅಷ್ಟರಲ್ಲಿ ಮತ್ತೆ ಕೇಳುತ್ತೆ, ಜಿಪ್‌ನ ಹೊಸ ಹೆಸರು ಸಿಗುತ್ತೆ, ಹಳೇ ಜಿಪ್ ಕ್ಯಾಶ್‌ನಲ್ಲಿ ಇದ್ದರೂ ಯಾರೂ ಕೇಳಲ್ಲ.

ನಿತ್ಯಬಿಲ್ಡ್

ಹೇಳಿದ ಹಾಗೇ ಆಯ್ತು. ಮೂರನೇ ಗುಂಪಿನ ಎರರ್ ಮರುದಿನ ಬೆಳಿಗ್ಗೆಯೇ ನಿಂತಿತು. ಎರಡನೇ ಗುಂಪಿನವರು ದಿನಾ ಒಂದಿಷ್ಟು ಜನ ಬಂದು ಸೇರ್ತಾ ಇದ್ದಾರೆ, ಲಾಗ್‌ನಲ್ಲಿ ಅದನ್ನು ನೋಡ್ತಾ ಕೂರೋದೇ ಒಂದು ಚಟ ಆಗಿದೆ.

ಇನ್ನೊಂದು ಸಾಲು ಸೇರಿಸಿದೆ. ಹ್ಯಾಶ್ ತಾಳೆಯಾಗದಿದ್ದರೆ ತಕ್ಷಣ ಎರರ್ ತೋರಿಸದೆ ಜೇಸನ್ ಮತ್ತು ಜಿಪ್ ಎರಡನ್ನೂ ಪ್ರಾಗ್ಮಾ-ನೋ-ಕ್ಯಾಶ್ ಜೊತೆ ಒಂದೇ ಒಂದು ಸಲ ಮತ್ತೆ ತರುತ್ತೆ. ಆಗಲೂ ತಾಳೆಯಾಗದಿದ್ದರೆ ಮಾತ್ರ ಸಂದೇಶ, ಅದರಲ್ಲಿ ಏಜ್ ಹೆಡರ್‌ನ ಬೆಲೆಯನ್ನೂ ಲಾಗ್‌ಗೆ ಬರೆಯುತ್ತೆ. ರಿಪೇರಿ ಬಟನ್ ಕೂಡ ಈಗ ಇದೇ ದಾರಿಯಲ್ಲಿ ಹೋಗುತ್ತೆ.

ಕಡ್ಡಿಮುರುಕ

ಅಂದ್ರ ಇಷ್ಟು ದಿನ ರಿಪೇರಿ ಬಟನ್ ಒತ್ತಿದವರಿಗೆ ಕ್ಯಾಶ್‌ನ್ಯಾಗಿನ ಅದೇ ಫೈಲ್ ವಾಪಸ್ ಕೊಡತಿತ್ತೇನ್ ರೀ? ಕೆಟ್ಟ ಪ್ರತಿ ಕ್ಯಾಶ್ ಆಗಿದ್ರ?

ನಿತ್ಯಬಿಲ್ಡ್

ಅದೇ ಕೆಟ್ಟ ಪ್ರತಿ ಮತ್ತೆ ಸಿಗುತ್ತಿತ್ತು. "ರಿಪೇರಿ ಒತ್ತಿದರೂ ಸರಿಹೋಗಲ್ಲ" ಅಂತ ಹೋದ ವರ್ಷ ಬಂದಿದ್ದ ಎರಡು ದೂರುಗಳನ್ನು "ಪುನರಾವರ್ತಿಸಲಾಗುತ್ತಿಲ್ಲ" ಅಂತ ಮುಚ್ಚಿದ್ದೆ. ಈಗಷ್ಟೇ ಎರಡನ್ನೂ ಮತ್ತೆ ತೆರೆದೆ.